ಅಲಾಯ್ ಚಕ್ರಗಳ ಬೆಸುಗೆ ದುರಸ್ತಿ

ಅಲಾಯ್ ಚಕ್ರಗಳ ಬೆಸುಗೆ ದುರಸ್ತಿ ಎಂದರೆ ಕಾರುಗಳ ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರಗಳಲ್ಲಿ ಉಂಟಾದ ಬಿರುಕುಗಳನ್ನು ವೆಲ್ಡಿಂಗ್ ಮೂಲಕ ಮುಚ್ಚುವ ಕಾರ್ಯ. ಇದರಿಂದ ಗಾಳಿಯ ಸೋರಿಕೆ ನಿಲ್ಲುತ್ತದೆಯಾದರೂ ಚಕ್ರದ ಮೂಲ ಬಲ ಪೂರ್ಣವಾಗಿ ಮರಳುವುದಿಲ್ಲ. ಆದುದರಿಂದ ಯಾವ ಬಿರುಕನ್ನು ಬೆಸೆಯಬಹುದು, ಯಾವುದನ್ನು ಬೆಸೆಯಬಾರದು ಎಂಬ ವಿವೇಚನೆ ಈ ಕೆಲಸದಲ್ಲಿ ಬಹು ಮುಖ್ಯವಾಗಿದೆ.

ಹಿನ್ನೆಲೆ

1924ರಲ್ಲಿ ಫ್ರಾನ್ಸಿನ ಬುಗಾಟಿ ಟೈಪ್ 35 ರೇಸ್ ಕಾರು ಎರಕದ ಅಲ್ಯೂಮಿನಿಯಂ ಚಕ್ರಗಳೊಂದಿಗೆ ರಸ್ತೆಗಿಳಿಯಿತು. ಇಂದು ಅಲಾಯ್ ಚಕ್ರಗಳ ಎರಕಕ್ಕೆ ಎ356 ಎಂಬ ಮಿಶ್ರಲೋಹ ಹೆಚ್ಚಾಗಿ ಬಳಕೆಯಲ್ಲಿದೆ. ಇದರಲ್ಲಿ ಸುಮಾರು 7% ಸಿಲಿಕಾನ್ ಹಾಗೂ ಅಲ್ಪ ಪ್ರಮಾಣದ ಮೆಗ್ನೀಷಿಯಂ ಇರುತ್ತವೆ. ಎರಕದ ನಂತರ ಚಕ್ರವನ್ನು ಸುಮಾರು 540 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ನೀರಿನಲ್ಲಿ ತಣಿಸಿ, ಪುನಃ ಕಡಿಮೆ ಉಷ್ಣತೆಯಲ್ಲಿ ಕೆಲವು ಗಂಟೆಗಳ ಕಾಲ ಇರಿಸಲಾಗುತ್ತದೆ. ಟಿ6 ಎಂದು ಕರೆಯಲಾಗುವ ಈ ಉಷ್ಣ ಸಂಸ್ಕಾರದಿಂದಲೇ ಚಕ್ರಕ್ಕೆ ಬಲ ಬರುತ್ತದೆ.

ಬಿರುಕಿನ ಕಾರಣಗಳು

ಏಟು ಬಿದ್ದಾಗ ಉಕ್ಕಿನ ಚಕ್ರ ಸಾಮಾನ್ಯವಾಗಿ ಬಾಗುತ್ತದೆ. ಎರಕದ ಅಲಾಯ್ ಚಕ್ರ ಅಷ್ಟು ಬಾಗದೆ ಬಿರುಕು ಬಿಡುತ್ತದೆ. ಗುಂಡಿಗಳು, ಎತ್ತರದ ರಸ್ತೆ ಉಬ್ಬುಗಳು ಹಾಗೂ ಟೈರಿನಲ್ಲಿ ಗಾಳಿಯ ಕೊರತೆ ಇದಕ್ಕೆ ಪ್ರಮುಖ ಕಾರಣಗಳು. ಗದಗ ಜಿಲ್ಲೆಯ ಎರೆಭೂಮಿಯಂತಹ ಪ್ರದೇಶಗಳಲ್ಲಿ ನೆಲವು ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವುದರಿಂದ ರಸ್ತೆಯ ಮೇಲ್ಮೈ ಏರುಪೇರಾಗುವುದುಂಟು. ಲಕ್ಕುಂಡಿಯ ಮೂಲಕ ಗದಗ ಮತ್ತು ಕೊಪ್ಪಳಗಳನ್ನು ಜೋಡಿಸುವ ಹೆದ್ದಾರಿಯಲ್ಲಿ ವೇಗವಾಗಿ ಬಂದ ಕಾರು ಹಳ್ಳಿಯ ಒಳರಸ್ತೆಗೆ ತಿರುಗಿದಾಗ ವೇಗವನ್ನು ತಗ್ಗಿಸದಿದ್ದರೆ ಚಕ್ರಕ್ಕೆ ಏಟು ಬೀಳುವ ಸಂಭವ ಹೆಚ್ಚು.

ಬಿರುಕು ಬಹುತೇಕ ಚಕ್ರದ ಒಳಬದಿಯ ಅಂಚಿನಲ್ಲಿ ಮೂಡುವುದರಿಂದ ಹೊರಗಿನಿಂದ ಕಾಣುವುದಿಲ್ಲ. ಪಂಕ್ಚರ್ ಇಲ್ಲದಿದ್ದರೂ ಟೈರಿನ ಗಾಳಿ ಪದೇಪದೇ ಇಳಿಯುವುದು ಹಾಗೂ ಸ್ಟೀರಿಂಗ್ ನಡುಗುವುದು ಇದರ ಸೂಚನೆಗಳಾಗಿರಬಹುದು.

ವಿಧಾನ

ಟೈರನ್ನು ಕಳಚಿ, ಬಣ್ಣ ಮತ್ತು ಎಣ್ಣೆಯ ಅಂಶವನ್ನು ಸಂಪೂರ್ಣವಾಗಿ ತೆಗೆಯಲಾಗುತ್ತದೆ. ಬಿರುಕಿನೊಳಗೆ ಇಳಿಯುವ ಬಣ್ಣದ ದ್ರವವನ್ನು ಹಚ್ಚಿ, ಒರೆಸಿ, ಮೇಲೆ ಬಿಳಿಯ ಪುಡಿಯನ್ನು ಲೇಪಿಸಿದಾಗ ಬಿರುಕಿನ ನಿಜವಾದ ಉದ್ದ ಗೋಚರಿಸುತ್ತದೆ. ಬಿರುಕನ್ನು ಅದರ ತುದಿಯವರೆಗೂ ಕೊರೆದು ತೆಗೆಯುವುದು ಅಗತ್ಯ. ಮೇಲ್ಭಾಗವನ್ನಷ್ಟೇ ಬೆಸೆದರೆ ಒಳಗಿನ ಬಿರುಕು ಮುಂದುವರಿಯುತ್ತದೆ.

ಈ ಕೆಲಸಕ್ಕೆ ಟಂಗ್‌ಸ್ಟನ್ ಕಡ್ಡಿ ಹಾಗೂ ಆರ್ಗಾನ್ ಅನಿಲ ಬಳಸುವ ಟಿಗ್ ವೆಲ್ಡಿಂಗ್ ಸೂಕ್ತ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗಿದರೆ, ಅದರ ಮೇಲಿನ ಆಕ್ಸೈಡ್ ಪದರ ಕರಗಲು 2,000 ಡಿಗ್ರಿಗಿಂತ ಹೆಚ್ಚಿನ ಉಷ್ಣತೆ ಬೇಕು. ಪರ್ಯಾಯ ವಿದ್ಯುತ್ ಪ್ರವಾಹ ಈ ಪದರವನ್ನು ಒಡೆಯುತ್ತದೆ. ತೇವ ಅಥವಾ ಎಣ್ಣೆ ಉಳಿದಿದ್ದರೆ ಹೈಡ್ರೋಜನ್ ಸೇರಿ ಬೆಸುಗೆಯಲ್ಲಿ ಸೂಕ್ಷ್ಮ ರಂಧ್ರಗಳಾಗುತ್ತವೆ. ಬೆಸೆದ ನಂತರ ಚಕ್ರವನ್ನು ಉಜ್ಜಿ ಸಮಗೊಳಿಸಿ, ಬಿರುಕು, ಓರೆ ಹಾಗೂ ಸೋರಿಕೆಗಳಿಗಾಗಿ ಪುನಃ ಪರೀಕ್ಷಿಸಬೇಕು. ಟೈರು ಜೋಡಿಸಿ ಬ್ಯಾಲೆನ್ಸ್ ಮಾಡಬೇಕು.

ಮಿತಿಗಳು

ಬೆಸುಗೆಯ ಶಾಖದಿಂದ ಸುತ್ತಲಿನ ಲೋಹದ ಟಿ6 ಬಲ ಕುಗ್ಗುತ್ತದೆ. ಅದನ್ನು ಮರಳಿ ಪಡೆಯಲು ಇಡೀ ಚಕ್ರವನ್ನು ಕುಲುಮೆಯಲ್ಲಿ ಪುನಃ ಸಂಸ್ಕರಿಸಬೇಕು. ಹಾಗೆ ಮಾಡಿದಾಗ ಚಕ್ರದ ಆಕಾರ ಕೆಡುವ ಅಪಾಯವಿದೆ. ಕಡ್ಡಿಗಳು, ನಡುಭಾಗ ಹಾಗೂ ಬೋಲ್ಟ್ ರಂಧ್ರಗಳ ಸುತ್ತಲಿನ ಭಾಗಗಳು ಅಧಿಕ ಭಾರ ಹೊರುವುದರಿಂದ ಅಲ್ಲಿನ ಬಿರುಕುಗಳನ್ನು ಬೆಸೆಯಬಾರದು. ಒಳ ಅಂಚಿನ ಚಿಕ್ಕ, ಒಂಟಿ ಬಿರುಕನ್ನು ಮಾತ್ರ ನುರಿತವರು ದುರಸ್ತಿಗೆ ಪರಿಗಣಿಸುತ್ತಾರೆ. ಒಮ್ಮೆ ಬೆಸೆದ ಜಾಗದಲ್ಲಿ ಮತ್ತೆ ಬಿರುಕು ಕಂಡರೆ ಚಕ್ರವನ್ನು ಬದಲಾಯಿಸುವುದೇ ಸುರಕ್ಷಿತ.

ಭಾರತದಲ್ಲಿ ಹಗುರ ಮಿಶ್ರಲೋಹದ ಹೊಸ ಚಕ್ರಗಳಿಗೆ ನಿಗದಿತ ಮಾನದಂಡ ಅನ್ವಯಿಸುತ್ತದೆ. ಚಕ್ರದ ವಿನ್ಯಾಸವನ್ನು ಒಪ್ಪುವ ಮೊದಲು ಮಾದರಿ ಚಕ್ರಗಳನ್ನು ದೀರ್ಘಕಾಲ ಭಾರಕ್ಕೆ ಒಡ್ಡಿ ಹಾಗೂ ಅವುಗಳಿಗೆ ಏಟು ಕೊಟ್ಟು ಪರೀಕ್ಷಿಸಲಾಗುತ್ತದೆ. ಬೆಸೆದ ಚಕ್ರವನ್ನು ಹೀಗೆ ಪರೀಕ್ಷಿಸಿ ಮತ್ತೆ ರಸ್ತೆಗೆ ತರಲಾಗದು. ಸೋರಿಕೆಯ ಪರೀಕ್ಷೆಯಿಂದ ಗಾಳಿ ನಿಲ್ಲುವುದು ಖಚಿತವಾಗುತ್ತದೆಯೇ ಹೊರತು ಚಕ್ರದ ಬಾಳಿಕೆಯಲ್ಲ. ಹಲವು ವಾಹನ ತಯಾರಕರು ಬೆಸುಗೆಯನ್ನು ಒಪ್ಪದಿರಲು ಇದು ಒಂದು ಕಾರಣ.