ಬದಲಾಗದ ಬೆರಳು, ಬದಲಾಗುವ ಉದ್ದೇಶ

1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ, ರಸ್ತೆ ಸಾಮಗ್ರಿಯ ಗುತ್ತಿಗೆದಾರ ರಾಜ್ಯಧರ ಕೋನಾಯಿಯ ಅಂಗೈಗೆ ಕಚೇರಿ ಮುದ್ರೆಯ ಮಸಿ ಬಳಿದು ಕರಾರುಪತ್ರದ ಮೇಲೆ ಒತ್ತಿಸಿದ. ಸಹಿ ನನ್ನದಲ್ಲವೆಂದು ಆತ ನಾಳೆ ಕೈಕೊಡಬಾರದು ಎಂಬಷ್ಟೇ ಲೆಕ್ಕಾಚಾರ. ಬೆರಳ ಗೆರೆಗಳು ಆಯುಷ್ಯವಿಡೀ ಬದಲಾಗವು ಎಂಬುದನ್ನು 1892ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಪುಸ್ತಕವಾಗಿಸಿದ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ವಿಭಾಗವೇ ಶುರುವಾಯಿತು. ಅಚ್ಚುಗಳನ್ನು ವಿಂಗಡಿಸಿ ಹುಡುಕುವ ಕ್ರಮಕ್ಕೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್; ಹೆಸರು ಬಂದದ್ದು ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ.

ಕರಾರಿಗೆಂದು ಬಂದ ತಂತ್ರ ಹೀಗೆ ಪೊಲೀಸ್ ಠಾಣೆ ಸೇರಿತು. 1920ರ ಕೈದಿಗಳ ಗುರುತಿಸುವಿಕೆ ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಅದರ ಜಾಗಕ್ಕೆ ಬಂದ 2022ರ ಕಾಯ್ದೆ ಕಣ್ಣಿನ ಪಾಪೆ, ಜೈವಿಕ ಮಾದರಿಗಳನ್ನೂ ಸೇರಿಸಿ, ದಾಖಲೆಗಳನ್ನು 75 ವರ್ಷ ಇಡಲು ಅವಕಾಶ ಕೊಟ್ಟಿದೆ.

ಅಪರಾಧದ ಸೋಂಕಿಲ್ಲದ ಜನಸಾಮಾನ್ಯರ ದೇಹವೂ ದತ್ತಾಂಶವಾದದ್ದು ಆಧಾರ್‌ನಿಂದ. 2009ರಲ್ಲಿ ಈ ಸಂಖ್ಯೆ ನೀಡುವ ಪ್ರಾಧಿಕಾರ ರಚನೆಯಾಯಿತು. 2010ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಟೆಂಭಲಿ ಗ್ರಾಮದಲ್ಲಿ ಮೊದಲ ಸಂಖ್ಯೆಗಳ ವಿತರಣೆ ನಡೆಯಿತು. ಹತ್ತು ಬೆರಳು, ಎರಡು ಕಣ್ಣು, ಒಂದು ಮುಖಚಿತ್ರ. ನಕಲಿ ಫಲಾನುಭವಿಗಳನ್ನು ತಡೆಯುವುದು ಉದ್ದೇಶ. ಆದರೆ ನ್ಯಾಯಬೆಲೆ ಅಂಗಡಿಯಲ್ಲಿ, ಗೇಯ್ದು ಗೆರೆ ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ. ಒಪ್ಪಿದರೂ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ.

2012ರಲ್ಲಿ ಆಧಾರ್ ಯೋಜನೆಯನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರ 1954 ಮತ್ತು 1962ರ ತೀರ್ಪುಗಳನ್ನು ಮುಂದಿಟ್ಟು ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ವಾದವನ್ನು ಒಮ್ಮತದಿಂದ ತಳ್ಳಿಹಾಕಿತು. ಮರುವರ್ಷ ಆಧಾರ್ ಯೋಜನೆ 4:1 ಬಹುಮತದಲ್ಲಿ ಉಳಿಯಿತಾದರೂ, ಖಾಸಗಿ ಕಂಪನಿಗಳು ಅದನ್ನು ಬಳಸಲು ಆಧಾರ್ ಕಾಯ್ದೆಯ 57ನೇ ಕಲಂ ತೆರೆದಿದ್ದ ದಾರಿ ಮುಚ್ಚಿತು. 2019ರ ತಿದ್ದುಪಡಿ ‘ಸ್ವಇಚ್ಛೆ’ಯ ಹೆಸರಿನಲ್ಲಿ ಬ್ಯಾಂಕ್, ಮೊಬೈಲ್ ಕಂಪನಿಗಳಿಗೆ ಬಾಗಿಲು ಮತ್ತೆ ತೆರೆಯಿತು; 2025ರ ನಿಯಮಗಳು ಅದನ್ನು ಇನ್ನಷ್ಟು ಅಗಲಿಸಿದವು.

ಅಪಾಯ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಆಧಾರ್ ಆಧಾರಿತ ಹಣ ಪಾವತಿ ವ್ಯವಸ್ಥೆಯ ವಂಚನೆಗಳನ್ನು ನೋಡಬೇಕು. ಇಲ್ಲಿ ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಸಾಕು, ಒಟಿಪಿ ಬೇಡ. ಕೇಂದ್ರದ ಭಂಡಾರಕ್ಕೆ ಕನ್ನ ಹಾಕುವ ಗೋಜಿಗೆ ಕಳ್ಳರು ಹೋಗಲಿಲ್ಲ. ನೋಂದಾಯಿತ ಕ್ರಯಪತ್ರಗಳ ಪ್ರತಿಯಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ಸಿಲಿಕೋನ್‌ನಲ್ಲಿ ಅಚ್ಚು ತೆಗೆದು ಯಂತ್ರದ ಮೇಲೆ ಒತ್ತಿದರು. ಪಾಸ್‌ವರ್ಡ್ ಸೋರಿದರೆ ಹೊಸದನ್ನು ಇಟ್ಟುಕೊಳ್ಳಬಹುದು. ಬೆರಳು ಸೋರಿದರೆ ಬಯೋಮೆಟ್ರಿಕ್ ಲಾಕ್ ಮಾಡಿಕೊಂಡು ಕೂರುವುದಷ್ಟೇ ನಮ್ಮ ಕೈಯಲ್ಲಿರುವುದು.

ಬೆರಳು ಕೊಡಲು ನಾವೇ ಕೈ ಚಾಚಬೇಕು. ಮುಖಕ್ಕೆ ಆ ತೊಡಕಿಲ್ಲ. ದೂರದ ಕ್ಯಾಮೆರಾ ಕೇಳದೆಯೂ ಸೆರೆಹಿಡಿಯಬಲ್ಲದು. 2022ರ ಡಿಸೆಂಬರ್‌ನಲ್ಲಿ ಬೆಂಗಳೂರು, ದೆಹಲಿ, ವಾರಾಣಸಿ ವಿಮಾನ ನಿಲ್ದಾಣಗಳಲ್ಲಿ ಶುರುವಾದ, ಮುಖ ಗುರುತಿಸಿ ಒಳಬಿಡುವ ಡಿಜಿಯಾತ್ರಾ ಐಚ್ಛಿಕವೇ. ಆದರೆ ಅದಿಲ್ಲದ ಸಾಲು ಉದ್ದವಾದಷ್ಟೂ ಐಚ್ಛಿಕವೆಂಬುದು ಮಾತಿಗಷ್ಟೇ ಉಳಿಯುತ್ತದೆ.

ಕಾನೂನು ಈ ಓಟಕ್ಕೆ ಹೊಂದಿಕೊಂಡಿದೆಯೇ? 2018ರಲ್ಲಿ ಜಾರಿಗೆ ಬಂದ ಯೂರೋಪಿನ ದತ್ತಾಂಶ ರಕ್ಷಣಾ ಕಾನೂನು ಜಿಡಿಪಿಆರ್ ಬಯೋಮೆಟ್ರಿಕ್ ಮಾಹಿತಿಗೆ ವಿಶೇಷ ರಕ್ಷಣೆ ನೀಡಿತು. ಅದೇ ವರ್ಷದ ನಮ್ಮ ಶ್ರೀಕೃಷ್ಣ ಸಮಿತಿಯ ದತ್ತಾಂಶ ರಕ್ಷಣಾ ಕರಡಿನಲ್ಲೂ ಅದು ‘ಸೂಕ್ಷ್ಮ’ ವರ್ಗದಲ್ಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ: ಬೆರಳಚ್ಚಿಗೂ ಇಮೇಲ್ ವಿಳಾಸಕ್ಕೂ ಒಂದೇ ತಕ್ಕಡಿ. ದಂಡ 250 ಕೋಟಿ ರೂಪಾಯಿವರೆಗೆ ಇದೆ. ಜೊತೆಗೆ, ತನಗೆ ಬೇಕಾದ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನೂ ಕೇಂದ್ರ ಇಟ್ಟುಕೊಂಡಿದೆ.

ಕರಾರಿನಿಂದ ಠಾಣೆಗೆ, ಪಡಿತರದಿಂದ ಬ್ಯಾಂಕಿಗೆ: ಒಂದಕ್ಕೆಂದು ಕೊಟ್ಟದ್ದು ಇನ್ನೊಂದಕ್ಕೆ ಬಳಕೆಯಾಗಿರುವುದೇ ಈ ಕ್ಷೇತ್ರದ ಚರಿತ್ರೆ. ಹಾಗಾಗಿ ತಿದ್ದುಪಡಿ ಆಗಬೇಕಾದ ಜಾಗವೂ ಸ್ಪಷ್ಟ. ಪಡೆದ ಉದ್ದೇಶ ಮೀರಿ ಬಳಸಬಾರದೆಂಬ ಕಟ್ಟು ಸರ್ಕಾರಕ್ಕೂ ಬೀಳಬೇಕು, ಬೆರಳು ಕೊಡಲೊಲ್ಲದವರಿಗೆ ಅದೇ ಸೌಲಭ್ಯ ಬೇರೆ ದಾರಿಯಲ್ಲಿ ಸಿಗಬೇಕು.