ಕೂಲಿಯಾಗಿದ್ದ ಸೈಡರ್

ಇಂಗ್ಲೆಂಡಿನ ಪಶ್ಚಿಮದಲ್ಲಿ, ವೇಲ್ಸ್ ಗಡಿಗೆ ಹೊಂದಿಕೊಂಡ ಹೆರೆಫರ್ಡ್‌ಶೈರ್ ಜಿಲ್ಲೆಯಲ್ಲಿ ಪಟ್ಲಿ ಎಂಬ ಸಣ್ಣ ಹಳ್ಳಿಯಿದೆ. ಮೇ ತಿಂಗಳ ಆರಂಭದಲ್ಲಿ, ಸೇಬಿನ ಮರಗಳು ಹೂ ಬಿಟ್ಟಿರುವ ಹೊತ್ತಿಗೆ, ಅಲ್ಲಿ ಸೈಡರ್ ರುಚಿ ನೋಡುವ ಹಬ್ಬ ನಡೆಯುತ್ತದೆ. ಸೇಬಿನ ರಸ ಹುಳಿತು ಮದ್ಯವಾದರೆ ಸೈಡರ್, ಪೇರ್ ಹಣ್ಣಿನದಾದರೆ ಪೆರಿ. ಒಬ್ಬರು ತಯಾರಿಸಿದ್ದಕ್ಕೆ ಇನ್ನೊಬ್ಬ ತಯಾರಕರೇ ಅಂಕ ಕೊಡುವುದು ಇಲ್ಲಿನ ಪದ್ಧತಿ. ಆಮೇಲೆ ಬಂದವರೆಲ್ಲ ರುಚಿ ನೋಡುತ್ತಾರೆ.

ಈ ಸೇಬುಗಳಲ್ಲಿ ಹೆಚ್ಚಿನವು ತಿನ್ನಲು ಆಗುವಂಥವಲ್ಲ, ಬರೀ ಒಗರು, ಹುಳಿ. ಆದರೆ 17ನೇ ಶತಮಾನದಲ್ಲಿ ಇಲ್ಲಿನ ಜಮೀನ್ದಾರ ಲಾರ್ಡ್ ಸ್ಕುಡಮೋರ್ ಹೆಸರಿನೊಂದಿಗೆ ಸೇರಿಕೊಂಡ ‘ರೆಡ್‌ಸ್ಟ್ರೀಕ್’ ಸೇಬಿನ ಸೈಡರನ್ನು ಶ್ರೀಮಂತರು ದ್ರಾಕ್ಷಾರಸಕ್ಕೆ ಸಮನೆಂದು ಕುಡಿದರು.

ಹೆಸರು ಬಂದಲ್ಲಿಗೆ ಸರ್ಕಾರದ ಕಣ್ಣೂ ಬಂತು. ಏಳು ವರ್ಷಗಳ ಯುದ್ಧದ ಸಾಲ ತೀರಿಸಲು ಪ್ರಧಾನಿ ಬ್ಯೂಟ್ 1763ರಲ್ಲಿ ತಯಾರಕರ ಮೇಲೆ ಪ್ರತಿ ದೊಡ್ಡ ಪೀಪಾಯಿಗೆ 4 ಶಿಲ್ಲಿಂಗ್ ತೆರಿಗೆ ಹಾಕಿಸಿದ. ಹಣಕ್ಕಿಂತ ಹೆಚ್ಚಾಗಿ ಜನರನ್ನು ಕೆರಳಿಸಿದ್ದು ಅದರ ಜಾರಿಯ ಬಗೆ: ಅಬಕಾರಿ ಅಧಿಕಾರಿ ರೈತನ ಮನೆಯೊಳಗೇ ಬಂದು ತಪಾಸಣೆ ಮಾಡಬಹುದಿತ್ತು. ಮನೆಯ ಹೊಸ್ತಿಲು ದಾಟುವ ಈ ಹಕ್ಕನ್ನು ವಿಲಿಯಂ ಪಿಟ್ ಸಂಸತ್ತಿನಲ್ಲಿ ವಿರೋಧಿಸಿದ. ಸೈಡರ್ ಸೀಮೆಯಲ್ಲಿ ಬ್ಯೂಟನ ಪ್ರತಿಕೃತಿಗಳು ನೇಣುಗಂಬ ಏರಿದವು. ಅದೇ ಏಪ್ರಿಲ್‌ನಲ್ಲಿ ಅವನು ರಾಜೀನಾಮೆ ಕೊಟ್ಟ. 1766ರಲ್ಲಿ ಕಾಯ್ದೆ ರದ್ದಾಯಿತು.

ಹೊಸ್ತಿಲು ಉಳಿಸಿಕೊಂಡ ರೈತ ತನ್ನ ಆಳಿಗೆ ಕೊಡುತ್ತಿದ್ದುದೇನು? ಕೂಲಿಯ ಒಂದು ಪಾಲನ್ನು ಸೈಡರ್ ರೂಪದಲ್ಲೇ ಕೊಡುವುದು ವಾಡಿಕೆಯಾಗಿತ್ತು. ಕುದುರೆ ಎಳೆಯುವ ಕಲ್ಲಿನ ಗಾಣದಲ್ಲಿ ಸೇಬು ಅರೆದು, ಹಿಂಡಿ ತೆಗೆದ ರಸ ಆಳುಗಳ ಪಾಲಿಗೂ ಬರುತ್ತಿತ್ತು. ಅವರು ಅದನ್ನು ಪುಟ್ಟ ಮರದ ಪೀಪಾಯಿಯಲ್ಲಿ ತುಂಬಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಸುಗ್ಗಿಯಲ್ಲಿ ಅಳತೆ ಹೆಚ್ಚುತ್ತಿತ್ತು. ದಣಿದ ಮೈಗೆ ಅದು ಹಿತವೇ. ಆದರೆ ಕುಡಿದು ಮುಗಿಸಿದ ಕೂಲಿಯನ್ನು ಹೆಂಡತಿ ಮಕ್ಕಳ ಊಟಕ್ಕೆ ಒಯ್ಯಲಾಗದು. ಕೃಷಿ ಕಾರ್ಮಿಕರ ಕೂಲಿಯ ಭಾಗವಾಗಿ ಮದ್ಯ ಕೊಡುವುದನ್ನು 1887ರ ಕಾಯ್ದೆ ನಿಷೇಧಿಸಿತು. ರೂಢಿ ಮಾತ್ರ ಬೇಗನೆ ಬಿಡಲಿಲ್ಲ. ಅದೇ ವರ್ಷ ಪರ್ಸಿ ಬುಲ್ಮರ್ ಹೆರೆಫರ್ಡ್‌ನಲ್ಲಿ ಸೈಡರ್ ಉದ್ಯಮ ಆರಂಭಿಸಿದ. ಹೊಲಮನೆಯ ಪಾನೀಯ ಕಾರ್ಖಾನೆಯ ಸರಕಾಗುವ ದಾರಿ ಅಲ್ಲಿಂದ ತೆರೆಯಿತು.

ಪಟ್ಲಿಯಂಥ ಹಬ್ಬಕ್ಕೆ ಈಗ ಇನ್ನೊಂದು ಕೆಲಸವಿದೆ. ಸೇಬಿನ ಬೀಜ ನೆಟ್ಟರೆ ತಾಯಿಮರದ ಹಣ್ಣೇ ಬರುವುದಿಲ್ಲ. ತಳಿ ಉಳಿಯಬೇಕಾದರೆ ಕಸಿ ಕಟ್ಟಲೇಬೇಕು. ಕೊಳ್ಳುವವರಿಲ್ಲದ ಸೇಬಿಗೆ ಕಸಿ ಕಟ್ಟುವವರು ಕಡಿಮೆ. ರಾಜರ ಕಾಲದ ರೆಡ್‌ಸ್ಟ್ರೀಕ್ ಕೂಡ 18ನೇ ಶತಮಾನದ ಕೊನೆಗೆ ಕ್ಷೀಣಿಸಿತ್ತು. 1876ರಿಂದ 1885ರವರೆಗೆ ಹೆರೆಫರ್ಡ್‌ನ ಪ್ರಕೃತಿ ಆಸಕ್ತರ ಸಂಘವೊಂದು ಸೇಬು, ಪೇರ್ ತಳಿಗಳನ್ನು ಬಣ್ಣದ ಚಿತ್ರಗಳಲ್ಲಿ ದಾಖಲಿಸಿದ್ದು ಹಳೆಯ ತಳಿಗಳು ಕೈಬಿಟ್ಟು ಹೋಗುತ್ತಿವೆ ಎಂಬ ಕಳವಳದಿಂದಲೇ. ಚಿತ್ರದಲ್ಲಿ ಬಣ್ಣ ಉಳಿಯುತ್ತದೆ, ರುಚಿ ಉಳಿಯುವುದಿಲ್ಲ. ಅದಕ್ಕೆ ಮರ ಬೇಕು, ಹಿಂಡುವವರು ಬೇಕು, ಲೋಟ ಹಿಡಿದು ‘ಇದು ಯಾವ ಸೇಬು?’ ಎಂದು ಕೇಳುವವರೂ ಬೇಕು.