ಚೊಚ್ಚಲ ತಾಯಿಗೊಂದು ಪುಸ್ತಕ

ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ ಶಾಲೆ ಶುರುವಾಗುವ ದಿನಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಳಿದ ಕಾಲದಲ್ಲಿ ಅಂಗಡಿಯವರಿಗೆ ಮಾತಿಗೆ ಪುರುಸೊತ್ತು ಸಿಗುತ್ತದೆ. ಚೊಚ್ಚಲ ಬಸುರಿಗೆ ಕೊಡುವಂಥ ಪುಸ್ತಕ ಬೇಕು ಎಂದರೆ, ಗರ್ಭಸಂಸ್ಕಾರದ ದಪ್ಪ ಹೊತ್ತಗೆಗಳು, ಮರಾಠಿಯಲ್ಲಿ ಡಾಕ್ಟರರು ಬರೆದ ಶಿಶುಪಾಲನೆಯ ಕೈಪಿಡಿಗಳು, ಅಮೆರಿಕದ ಇಂಗ್ಲಿಷ್ ಪುಸ್ತಕಗಳ ಭಾರತೀಯ ಮುದ್ರಣಗಳು ಗಲ್ಲೆಯ ಮೇಲೆ ಸಾಲಾಗಿ ಬಂದು ಕೂರುತ್ತವೆ. ಕೊಳ್ಳಲು ಬಂದವರು ಹೆಚ್ಚಾಗಿ ಬಸುರಿಯೇ ಅಲ್ಲ. ಗಂಡ, ಅಕ್ಕ, ಆಫೀಸಿನ ಗೆಳತಿ, ಯಾರಾದರೂ ಆಗಿರುತ್ತಾರೆ. ಯಾವುದನ್ನು ಆರಿಸಬೇಕೆಂದು ತಿಳಿಯದೆ ರಟ್ಟು ಚೆಂದವಿರುವುದನ್ನು ಒಯ್ಯುತ್ತಾರೆ.

ಪುಣೆಯ ಕನ್ನಡ ಮನೆಗಳಲ್ಲಿ ಈ ಗೊಂದಲಕ್ಕೆ ಇನ್ನೊಂದು ಎಳೆಯಿದೆ. ಹೆರಿಗೆ ಹತ್ತಿರ ಬಂದಾಗ ಕಲಬುರಗಿಯಿಂದಲೋ ಧಾರವಾಡದಿಂದಲೋ ತಾಯಿ ಬರುತ್ತಾಳೆ. ಚೀಲದಲ್ಲಿ ಅಂಟಿನ ಉಂಡಿ, ಆಳ್ವಿ, ಬಜೆ ಬೇರು. ಅವಳಿಗೆ ಪುಸ್ತಕ ಬೇಕಿಲ್ಲ. ಹೇಳುವುದೆಲ್ಲ ಬಾಯಲ್ಲೇ ಇದೆ. ಪಕ್ಕದ ಮನೆಯ ಮರಾಠಿ ಅಜ್ಜಿಯ ಡಬ್ಬಿಯಲ್ಲೂ ಇರುವುದು ಅದೇ ಡಿಂಕಿನ ಲಾಡು, ಅದೇ ಅಳೀವ. ಬಜೆಗೆ ಮಾತ್ರ ಆಕೆ ವೇಖಂಡ ಅನ್ನುತ್ತಾಳೆ. ನಮ್ಮ ಬಾಣಂತಿ ಆಕೆಯ ಬಾಯಲ್ಲಿ ಬಾಳಂತೀಣ. ಯಾವುದು ಯಾವುದರಿಂದ ಬಂತೆಂಬ ಜಗಳ ಇಲ್ಲಿ ಬೇಡ. ಎರಡೂ ಭಾಷೆಯ ಹೆಂಗಸರು ಒಂದೇ ಕೋಣೆಯಲ್ಲಿ ಒಂದೇ ಹೊಗೆಗೆ ಕಣ್ಣೀರು ಒರೆಸಿಕೊಂಡಿದ್ದಾರೆ ಎಂಬುದಕ್ಕೆ ಈ ಶಬ್ದಗಳೇ ಸಾಕ್ಷಿ.

ಕಲಬುರಗಿಯಿಂದ ಬರುವ ಆ ತಾಯಿಯ ರೈಲು ಸೊಲ್ಲಾಪುರ, ದೌಂಡ್ ದಾಟಿದ ಮೇಲೆ ಕೇಡಗಾಂವ್ ಎಂಬ ಸಣ್ಣ ನಿಲ್ದಾಣವನ್ನು ಹಾದು ಬರುತ್ತದೆ. ಮಕ್ಕಳನ್ನು ಬೆಳೆಸುವುದು ಹೇಗೆಂದು ಪುಣೆಯಲ್ಲಿ ಅಚ್ಚಿನ ಪುಸ್ತಕದ ಮೂಲಕ ಹೆಂಗಸರಿಗೆ ಹೇಳಿದ ಮೊದಲ ಹೆಂಗಸರಲ್ಲಿ ಒಬ್ಬರು ಕೊನೆಗಾಲ ಕಳೆದದ್ದು ಅಲ್ಲಿ. ಅವರು ಹುಟ್ಟಿದ್ದು ಮಾತ್ರ ನಮ್ಮ ಘಟ್ಟದಲ್ಲಿ, ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್‌ನಲ್ಲಿ.

ಪಂಡಿತಾ ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಹೆಂಗಸಿಗೆ ದೇವಭಾಷೆ ಕಲಿಸಿದ ತಪ್ಪಿಗೆ ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು ಶಾಸ್ತ್ರಾಧಾರ ಕೊಡಬೇಕಾಯಿತು. ಮಗಳಿಗೆ ಆರು ತಿಂಗಳಾದಾಗ ಮನೆ ಮುರಿಯಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿ ಕೂಸನ್ನು ಘಟ್ಟ ಇಳಿಸಿದರು. ಅಲ್ಲಿಂದ ತೀರ್ಥಕ್ಷೇತ್ರಗಳ ಅಲೆದಾಟ. ಪುರಾಣ ಹೇಳಿ ಬಂದ ದಕ್ಷಿಣೆಯಲ್ಲಿ ಊಟ. ತಂದೆಗೆ ವಯಸ್ಸಾಗಿದ್ದರಿಂದ ಪಾಠ ಹೇಳುವ ಭಾರ ತಾಯಿಯ ಮೇಲೆ ಬಿತ್ತು. ಬೆಳಗಿನ ಜಾವ, ಹಕ್ಕಿಗಳು ಕೂಗುವ ಹೊತ್ತಿಗೆ, ತಾಯಿ ಮುದ್ದು ಮಾತಾಡಿ ಎಬ್ಬಿಸಿ ಪಾಠ ಹೇಳುತ್ತಿದ್ದುದನ್ನು ರಮಾಬಾಯಿ ದೊಡ್ಡವರಾದ ಮೇಲೂ ನೆನೆದು ಬರೆದಿದ್ದಾರೆ. ಪುಸ್ತಕ ನೋಡಿ ಕಲಿಸಿದ್ದೂ ಅಲ್ಲ, ತಾಯಿಗೆ ಎಲ್ಲ ಕಂಠಸ್ಥ. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. ಅಣ್ಣನೊಡನೆ ನಡೆದು ಕಲ್ಕತ್ತೆ ಸೇರಿದ ಹುಡುಗಿಗೆ 1878ರಲ್ಲಿ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಎರಡು ವರ್ಷಕ್ಕೆ ಅಣ್ಣನೂ ತೀರಿಕೊಂಡ. ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧವಿಯವರನ್ನು ಜಾತಿ ಮೀರಿ ಮದುವೆಯಾದರು. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. ಮರುವರ್ಷದ ಫೆಬ್ರವರಿಯಲ್ಲಿ ಗಂಡ ಕಾಲರಾಕ್ಕೆ ಬಲಿ.

ಹೀಗೆ, 1882ರಲ್ಲಿ ಪುಣೆಗೆ ಬಂದವರು 24ರ ವಯಸ್ಸಿನ ವಿಧವೆ. ಕಂಕುಳಲ್ಲಿ ವರ್ಷದ ಕೂಸು. ಉಂಡಿ ಕಟ್ಟಿಕೊಂಡು ಬರುವ ತಾಯಿ ಇಲ್ಲ, ಕೂಸಿಗೆ ಜ್ವರ ಬಂದರೆ ಕೇಳಲು ಅಕ್ಕ ಇಲ್ಲ, ತವರು ಎಂಬ ಊರೇ ಇಲ್ಲ. ಇಂಥ ಹೊಸ ತಾಯಿಗೆ ಒಂದು ಪುಸ್ತಕದ ಅಗತ್ಯ ಇತ್ತು ಎಂದುಕೊಳ್ಳಬಹುದು. ಆದರೆ ರಮಾಬಾಯಿ ಪುಸ್ತಕ ಹುಡುಕಲಿಲ್ಲ, ಬರೆದರು. ಆ ವರ್ಷದ ಜೂನ್‌ನಲ್ಲಿ 'ಸ್ತ್ರೀಧರ್ಮನೀತಿ' ಮರಾಠಿಯಲ್ಲಿ ಅಚ್ಚಾಯಿತು. ವಿದ್ಯೆ, ವಿನಯ, ಧರ್ಮ, ಮದುವೆ, ಮನೆವಾರ್ತೆ ಇವುಗಳ ಸಾಲಿನಲ್ಲೇ ಮಕ್ಕಳ ಪಾಲನೆ ಪೋಷಣೆಗೂ ಅದರಲ್ಲಿ ಅಧ್ಯಾಯವಿದೆ.

ಪುಸ್ತಕದ ಹಿಂದೆ ಹೊಟ್ಟೆಪಾಡೂ ಇತ್ತು. ಇಂಗ್ಲೆಂಡಿಗೆ ಹೋಗಿ ಓದಬೇಕೆಂಬ ಹಟ. ಹಡಗಿನ ದುಡ್ಡು ಬೇಕು. ಮುಂಬಯಿ ಸರಕಾರದ ವಿದ್ಯಾ ಇಲಾಖೆ ಪ್ರತಿಗಳನ್ನು ಕೊಂಡಿತು, ಆ ಹಣ ಪ್ರಯಾಣಕ್ಕೆ ಒದಗಿತು. ಕೊಂಡವರು ಯಾರೆಂದು ಕೇಳಿಕೊಂಡರೆ ಈ ಜಾತಿಯ ಪುಸ್ತಕಗಳ ಚರಿತ್ರೆಯ ಅರ್ಧ ಬಯಲಾಗುತ್ತದೆ. ಇಪ್ಪತ್ತು ವರ್ಷ ಕಳೆದು 1901ರ ಜನಗಣತಿ ಆದಾಗಲೂ ದೇಶದಲ್ಲಿ ಓದು ಬಲ್ಲ ಹೆಂಗಸರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಅಂದರೆ ತಾಯಂದಿರಿಗಾಗಿ ಬರೆದ ಪುಸ್ತಕವನ್ನು ಆರಿಸಿ, ದುಡ್ಡು ಕೊಟ್ಟು, ಮನೆಗೆ ತಂದದ್ದು ಸುಧಾರಕ ಗಂಡಂದಿರು ಮತ್ತು ಇಲಾಖೆ. ಅಪ್ಪಾ ಬಳವಂತ ಚೌಕದ ಗಲ್ಲೆಯ ಮುಂದೆ ನಿಂತ ಗಂಡನಿಗೆ ದೊಡ್ಡ ಪರಂಪರೆಯೇ ಇದೆ.

ಪುಸ್ತಕದ ಧ್ವನಿಯಲ್ಲೂ ಅದರ ಗುರುತಿದೆ. ಹೆಣ್ಣು ಓದಬೇಕು, ತನ್ನ ಕಾಲ ಮೇಲೆ ನಿಲ್ಲಬೇಕು, ಎಳೆ ವಯಸ್ಸಿನ ಮದುವೆ ಕೆಡುಕು ಎಂಬ ಮಾತುಗಳು ಆ ಕಾಲಕ್ಕೆ ದಿಟ್ಟವೇ. ಆದರೆ ಹೇಳುವ ರೀತಿ ಗದರಿಕೆಯದು. ಹೆಂಗಸರ ಅಜ್ಞಾನ, ಆಲಸ್ಯಗಳನ್ನು ಎತ್ತಿ ಆಡುವ, ಗುರುಪೀಠದಿಂದ ಬಂದ ಮಾತು. ಮರಾಠಿಯೂ ಸಂಸ್ಕೃತಭಾರದಿಂದ ಬಳುಕುತ್ತದೆ. ಶಾಸ್ತ್ರಿಗಳ ಮಗಳಿಗೆ ಬರೆವಣಿಗೆ ಎಂದರೆ ಅದೇ ಆಗಿತ್ತು, ನಿಜ. ಆದರೂ ಬೆಳಗಿನ ಜಾವ ಮುದ್ದು ಮಾಡಿ ಎಬ್ಬಿಸಿದ ಲಕ್ಷ್ಮೀಬಾಯಿಯ ದನಿ ಆ ಪುಸ್ತಕದೊಳಗೆ ಹೇಗೆ ಬಾರದೆ ಹೋಯಿತು ಎಂದು ಬೆರಗಾಗುತ್ತದೆ.

ಅದೇ ಕಾಲದ ಇನ್ನೊಬ್ಬಳು ತಾಯಿಯ ಕತೆ ಮರಾಠಿ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಆನಂದೀಬಾಯಿ ಜೋಶಿಗೆ ಒಂಬತ್ತರಲ್ಲಿ ಮದುವೆ, ಹದಿನಾಲ್ಕರಲ್ಲಿ ಹೆರಿಗೆ. ಕೂಸು ಹತ್ತು ದಿನ ಬದುಕಿತ್ತು. ಗಂಡುಡಾಕ್ಟರ ಮುಂದೆ ಹೆಂಗಸರು ಬಾಯಿ ಬಿಡದ, ಹೆಣ್ಣುಡಾಕ್ಟರು ಇಲ್ಲದ ಕಾಲ. ತಾನೇ ವೈದ್ಯೆಯಾಗುವೆನೆಂದು ಅವರು 1883ರಲ್ಲಿ ಅಮೆರಿಕಕ್ಕೆ ಹೊರಟರು. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಅವರು ಬರೆದ ಪ್ರಬಂಧದ ವಿಷಯ ಆರ್ಯ ಹಿಂದೂಗಳಲ್ಲಿ ಪ್ರಸೂತಿಶಾಸ್ತ್ರ. ಆಯುರ್ವೇದದ ಮಾತನ್ನೂ ಅಮೆರಿಕದ ಪಠ್ಯಗಳ ಮಾತನ್ನೂ ಪಕ್ಕಪಕ್ಕ ಇಟ್ಟು ನೋಡುವ ಯತ್ನ ಅದು. 1886ರ ಮಾರ್ಚ್ 11ರಂದು ಪದವಿ ಪಡೆದಾಗ ಸಭೆಯಲ್ಲಿ ರಮಾಬಾಯಿ ಇದ್ದರು. ಇಬ್ಬರೂ ದೂರದ ನೆಂಟರು. ವರ್ಷ ತುಂಬುವ ಮೊದಲೇ, 1887ರ ಫೆಬ್ರವರಿ 26ರಂದು, ಆನಂದೀಬಾಯಿ ಕ್ಷಯದಿಂದ ಪುಣೆಯಲ್ಲಿ ತೀರಿಕೊಂಡರು. ಇಪ್ಪತ್ತೆರಡು ಇನ್ನೂ ತುಂಬಿರಲಿಲ್ಲ. ಹೆರಿಗೆಯ ಬಗ್ಗೆ ಓದಿದ್ದನ್ನು ತನ್ನ ಊರಿನ ಹೆಂಗಸರ ಮಾತಿನಲ್ಲಿ ಬರೆಯಲು ಆಕೆಗೆ ಸಮಯ ಸಿಗಲಿಲ್ಲ. ಪುಣೆ ಕಳೆದುಕೊಂಡ ಪುಸ್ತಕಗಳಲ್ಲಿ ಅದೇ ದೊಡ್ಡದು.

ರಮಾಬಾಯಿಗೆ ಪಾಲನೆಯ ನಿಜವಾದ ಪರೀಕ್ಷೆ ಎದುರಾದದ್ದು ಪುಸ್ತಕ ಬರೆದ ಮೇಲೆ. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ತಾಯಿ ಮಗಳು ಇಬ್ಬರಿಗೂ ಕ್ರೈಸ್ತ ದೀಕ್ಷೆ ಆಯಿತು. ಅಲ್ಲಿನ ಕನ್ಯಾಮಠದವರು ಮನೋರಮಾಳನ್ನು ಮುದ್ದಿನಿಂದಲೇ ನೋಡಿಕೊಂಡರು. ಆದರೆ ಮಗುವಿಗೆ ಧರ್ಮದ ಯಾವ ಪಾಠ ಹೇಳಬೇಕು, ಯಾರು ಹೇಳಬೇಕು ಎಂಬುದರಲ್ಲಿ ಸಿಸ್ಟರ್ ಜೆರಾಲ್ಡಿನ್‌ಗೂ ರಮಾಬಾಯಿಗೂ ಬೀಳಲಿಲ್ಲ. ಪತ್ರದ ಮೇಲೆ ಪತ್ರ. ತ್ರೈಕತ್ವದ ತತ್ವವನ್ನು ತಾನೇ ಒಪ್ಪದೆ ಮಗಳಿಗೆ ಕಲಿಸಲು ಬಿಡುವುದಿಲ್ಲ ಎಂದು ತಾಯಿ. ತಾಯಿಗೆ ಅಹಂಕಾರ ಎಂದು ಸಿಸ್ಟರ್. 1977ರಲ್ಲಿ ಮಹಾರಾಷ್ಟ್ರದ ಸಾಹಿತ್ಯ ಸಂಸ್ಕೃತಿ ಮಂಡಳಿ ಈ ಪತ್ರಗಳನ್ನು ಪ್ರಕಟಿಸಿತು. ಚೊಚ್ಚಲ ತಾಯಿಗೆ ಒಂದೇ ಪುಸ್ತಕ ಕೊಡಬೇಕೆಂದರೆ ಇದನ್ನೇ ಕೊಡಬಹುದೇನೋ. ಹಾಲು, ನಿದ್ದೆ, ಲಸಿಕೆಗಳ ಬಗ್ಗೆ ಒಂದು ಸಾಲೂ ಇರಲಿಕ್ಕಿಲ್ಲ. ಆದರೆ ಪ್ರೀತಿಯಿಂದಲೇ ಬಂದು ಮಗುವನ್ನು ಕೈಗೆತ್ತಿಕೊಳ್ಳುವವರಿಗೆ 'ನಿಲ್ಲಿ, ತಾಯಿ ನಾನು' ಎಂದು ಹೇಳುವುದು ಎಷ್ಟು ಕಷ್ಟ ಎಂಬುದು ಪ್ರತಿ ಹಾಳೆಯಲ್ಲೂ ಇದೆ. ಇವತ್ತಿನ ಬಾಣಂತಿಕೋಣೆಯಲ್ಲೂ ಸಮಸ್ಯೆ ಬಹುಮಟ್ಟಿಗೆ ಅದೇ.

ಆಮೇಲೆ ಬಂದ ಪುಸ್ತಕಗಳ ಕತೆಯನ್ನು ಬೇಗ ಮುಗಿಸಬಹುದು, ಏಕೆಂದರೆ ಅದರ ಬಹುಪಾಲು ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಳಿಸಿದ ಕತೆ. 1908ರಿಂದ ಗ್ಲಾಕ್ಸೋ ಕಂಪನಿ ಹಾಲುಪುಡಿಯೊಡನೆ ಶಿಶುಪಾಲನೆಯ ಪುಸ್ತಕವನ್ನೂ ಹಂಚಿತು. ನಮ್ಮಲ್ಲಿ ಗುಂಡಗಿನ ಕೂಸಿಗೆ 'ಗ್ಲಾಕ್ಸೋ ಬೇಬಿ' ಎಂಬ ಹೆಸರು ನಿಂತದ್ದು ಆ ಪ್ರಚಾರದ ಬಲದಿಂದ. ಹಾಲುಪುಡಿಯ ಜಾಹೀರಾತಿಗೆ ನಮ್ಮ ದೇಶ ಕಾನೂನಿನ ತಡೆ ಹಾಕಿದ್ದು 1992ರಲ್ಲಿ. 1928ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ ಮಗುವನ್ನು ತಬ್ಬಿ ಮುದ್ದಾಡಬಾರದೆಂದು ಬರೆದ. 1946ರಲ್ಲಿ ಡಾಕ್ಟರ್ ಸ್ಪಾಕ್ ಬಂದು, ನಿಮಗೆ ತಿಳಿದಿರುವುದಕ್ಕಿಂತ ಹೆಚ್ಚು ನಿಮಗೆ ಗೊತ್ತಿದೆ, ನಿಮ್ಮ ಮನಸ್ಸನ್ನು ನಂಬಿ ಎಂದು ತಾಯಂದಿರಿಗೆ ಧೈರ್ಯ ಕೊಟ್ಟರು. ಆ ಒಳ್ಳೆಯ ಪುಸ್ತಕದ 1950ರ ದಶಕದ ಆವೃತ್ತಿಯೊಳಗೇ ಕೂಸನ್ನು ಬೋರಲು ಮಲಗಿಸಿ ಎಂಬ ಸಲಹೆ ಸೇರಿಕೊಂಡಿತು. ಹಾಗೆ ಮಲಗಿಸುವುದಕ್ಕೂ ತೊಟ್ಟಿಲಲ್ಲಿ ಆಗುವ ದಿಢೀರ್ ಸಾವಿಗೂ ನಂಟಿದೆಯೆಂದು ಖಚಿತವಾಗಿ, ಅಂಗಾತ ಮಲಗಿಸಿ ಎಂಬ ಚಳವಳಿ ಅಮೆರಿಕದಲ್ಲಿ ಶುರುವಾದದ್ದು 1994ರಲ್ಲಿ. ಕೆಟ್ಟ ಕಾದಂಬರಿ ಕೊಟ್ಟರೆ ಹೋಗುವುದು ಒಂದು ಸಂಜೆ ಮಾತ್ರ. ಅಟ್ಟದ ಮೇಲಿನ ಹಳೆಯ ಶಿಶುಪಾಲನೆ ಪುಸ್ತಕವನ್ನು ಪ್ರೀತಿಯಿಂದ ದಾಟಿಸುವವರು ಮುದ್ರಣದ ವರ್ಷ ನೋಡಬೇಕು. ಆರು ತಿಂಗಳು ಎದೆಹಾಲೊಂದೇ ಸಾಕು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಕೂಡ 2001ರದು. ಅದಕ್ಕೆ ಮೊದಲು ನಾಲ್ಕರಿಂದ ಆರು ತಿಂಗಳು ಎನ್ನುತ್ತಿದ್ದರು.

ಕನ್ನಡದಲ್ಲಿ ಈ ಕೆಲಸ ಮಾಡಿದವರೆಂದರೆ ಅನುಪಮಾ ನಿರಂಜನ. ತೀರ್ಥಹಳ್ಳಿಯಲ್ಲಿ ಹುಟ್ಟಿ, ಧಾರವಾಡದಲ್ಲೂ ಬೆಂಗಳೂರಿನಲ್ಲೂ ವೈದ್ಯೆಯಾಗಿದ್ದವರು. 'ತಾಯಿ-ಮಗು' ಬರೆದ ಕೈಯೇ ಕಾದಂಬರಿಗಳನ್ನೂ, ಮಕ್ಕಳಿಗೆ 'ದಿನಕ್ಕೊಂದು ಕಥೆ' ಸಂಪುಟಗಳನ್ನೂ ಬರೆಯಿತು. ಔಷಧಿ ಚೀಟಿಯ ಭಾಷೆ ಬಿಟ್ಟು ಕತೆ ಹೇಳುವವರ ಭಾಷೆಯಲ್ಲಿ ದೇಹದ ಬಗ್ಗೆ ಮಾತಾಡಬಹುದೆಂದು ಕನ್ನಡದ ಹೆಂಗಸರಿಗೆ ಗೊತ್ತಾದದ್ದು ಅವರಿಂದ. ಪುಣೆಯಲ್ಲಿ 1987ರಲ್ಲಿ 'ಪಾಲಕನೀತಿ' ಎಂಬ ಮರಾಠಿ ಮಾಸಪತ್ರಿಕೆ ಶುರುವಾಯಿತು. ಸ್ತ್ರೀಧರ್ಮನೀತಿಯಿಂದ ಪಾಲಕನೀತಿಗೆ ಬರಲು ಊರಿಗೆ ನೂರೈದು ವರ್ಷ ಹಿಡಿಯಿತು. ಹೆಸರಿನಿಂದ ಸ್ತ್ರೀ ಇಳಿದು ಅಪ್ಪನಿಗೂ ಜಾಗವಾಯಿತು. ಗರ್ಭಸಂಸ್ಕಾರದ ಪುಸ್ತಕಗಳ ಓಟ ಬೇರೆ ದಿಕ್ಕಿನದು. ಸಕಾಳ ಪ್ರಕಾಶನದಿಂದ ಬಂದ ಬಾಲಾಜಿ ತಾಂಬೆಯವರ ಹೊತ್ತಗೆ ಅವುಗಳಲ್ಲಿ ಹೆಸರುವಾಸಿ. ಊಟ, ವಿಶ್ರಾಂತಿ, ನೆಮ್ಮದಿ ಎನ್ನುವಷ್ಟರಮಟ್ಟಿಗೆ ಈ ಬಗೆಯ ಪುಸ್ತಕಗಳಿಂದ ತೊಂದರೆಯಿಲ್ಲ. ಬಸುರಿಯ ಯೋಚನೆಯೇ ಮಗುವಿನ ಬುದ್ಧಿ ಎಂಬ ನಂಬಿಕೆ ಮನೆಗೆ ಹೊಕ್ಕರೆ ಮಾತ್ರ ಮುಂದೆ ಮಗುವಿಗೆ ಏನೇ ಆದರೂ ಬೊಟ್ಟು ತಿರುಗುವುದು ತಾಯಿಯ ಕಡೆಗೆ.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 1993ರಿಂದ ಊರ ಸುತ್ತಲ ಆರು ಹಳ್ಳಿಗಳಲ್ಲಿ ಬಸುರಿಯರ ಊಟವನ್ನು ಅಳೆದು ತೂಗಿ ನೋಡಿದರು. ಅಲ್ಲಿನ ಕೂಸುಗಳ ಸರಾಸರಿ ತೂಕ ಸುಮಾರು 2.7 ಕಿಲೊ. ಸೊಪ್ಪು, ಹಣ್ಣು, ಹಾಲು ಹೆಚ್ಚಾಗಿ ಉಂಡ ತಾಯಂದಿರ ಕೂಸುಗಳು ಮೈತುಂಬಿದ್ದವು. ಅಪ್ಪಾ ಬಳವಂತ ಚೌಕದ ಯಾವ ರಟ್ಟಿನ ಮೇಲೂ ಮೆಂತ್ಯದ ಕಟ್ಟಿನ ಚಿತ್ರವಿಲ್ಲ.

ರಮಾಬಾಯಿ ಭಾರತಕ್ಕೆ ಮರಳಿ 1889ರ ಮಾರ್ಚ್ 11ರಂದು, ಆನಂದೀಬಾಯಿ ಪದವಿ ಪಡೆದ ತಾರೀಖಿನಂದೇ, ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಮುಂದೆ ಕೇಡಗಾಂವಿನಲ್ಲಿ ಮುಕ್ತಿ ಆಶ್ರಮ. ಬರದಲ್ಲಿ ಅನಾಥರಾದ ಹುಡುಗಿಯರು, ಎಳೆಯ ವಿಧವೆಯರು ನೂರುಗಟ್ಟಲೆ ಬಂದು ಸೇರಿದರು. ಮನೋರಮಾ ತಾಯಿಯ ಬಲಗೈಯಾದರು. 1912ರಲ್ಲಿ ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಾಗ ಅದರ ಹೊಣೆ ಹೊತ್ತವರು ಅವರೇ. ಗಂಗಾಮೂಲದಿಂದ ಬುಟ್ಟಿಯಲ್ಲಿ ಇಳಿದುಹೋದ ಕೂಸಿನ ಮಗಳು ಹೀಗೆ ಕನ್ನಡದ ನೆಲಕ್ಕೆ ಮೇಷ್ಟರಾಗಿ ಬಂದರು.

ಕೊನೆಯ ವರ್ಷಗಳಲ್ಲಿ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತರುತ್ತಿದ್ದರು. ಆಗಲೇ ಇದ್ದ ಅನುವಾದ ಆಶ್ರಮದ ಹುಡುಗಿಯರಿಗೆ ಅರ್ಥವಾಗುತ್ತಿರಲಿಲ್ಲ, ಅದರಲ್ಲಿ ಸಂಸ್ಕೃತ ಹೆಚ್ಚಾಯಿತು ಎಂಬುದು ಅವರ ತಕರಾರು. 1882ರಲ್ಲಿ ಸಂಸ್ಕೃತ ಹೇರಿ ತಾಯಂದಿರಿಗೆ ಬುದ್ಧಿ ಹೇಳಿದವರು ಈಗ ಒಂದೊಂದು ಶಬ್ದವನ್ನೂ ಹಳ್ಳಿಯ ಹುಡುಗಿಯ ಕಿವಿಗೆ ಹಿಡಿಸುತ್ತದೆಯೇ ಎಂದು ನೋಡುತ್ತ ಕೂತರು. ಮೊಳೆ ಜೋಡಿಸಿದ್ದೂ ಅಚ್ಚು ಹಾಕಿದ್ದೂ ಆಶ್ರಮದ ಹೆಂಗಸರೇ. 1921ರ ಜುಲೈನಲ್ಲಿ ಮನೋರಮಾ ತೀರಿಕೊಂಡರು, ಆಗ ಅವರಿಗೆ ನಲವತ್ತು. ತಾಯಿ ಕರಡು ತಿದ್ದುವುದನ್ನು ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಹೋದರು. ಅನುವಾದ 1924ರಲ್ಲಿ ಕೇಡಗಾಂವಿನಿಂದ ಹೊರಬಂತು.